ಚುಚ್ಚುಮದ್ದಿನ ದಿನವೇ ಶಿಶುಗಳ ರಕ್ತ ಪರೀಕ್ಷೆ ನಡೆಸಿ, ಕಬ್ಬಿಣಾಂಶದ ಸಿರಪ್ ಕೊಡುವಂತೆ ಮನವಿ

ಮಾನ್ಯ ಅಧ್ಯಕ್ಷರಿಗೆ,
ಗ್ರಾಮ ಪಂಚಾಯತ್,
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ

ಮಾನ್ಯರೇ,

ನಮ್ಮ ವಾರ್ಡಿನ ತಾಯಂದಿರು ಚುಚ್ಚುಮದ್ದು ತಪ್ಪಿಸುವವರಲ್ಲ. ಮಳೆಗಾಲದಲ್ಲೂ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು, ತೋಟದ ಸಂಕ ದಾಟಿ ಉಪಕೇಂದ್ರಕ್ಕೆ ಹೋಗುತ್ತಾರೆ. 6, 10, 14 ವಾರಕ್ಕೆ ಹೋದರೆ ಮತ್ತೆ 9 ತಿಂಗಳಿಗೆ. ಅಲ್ಲಿಂದ 16 ತಿಂಗಳು ತುಂಬುವವರೆಗೆ ಚುಚ್ಚುಮದ್ದಿಗೆ ಕರೆಯುವುದಿಲ್ಲ. ಹುಟ್ಟುವಾಗ ತಾಯಿಯಿಂದ ಪಡೆದು ಬಂದ ಕಬ್ಬಿಣಾಂಶ ಮಗುವಿನ ಮೈಯಲ್ಲಿ ಮುಗಿಯುವುದು ಸುಮಾರು 6 ತಿಂಗಳಿಗೆ. ರಕ್ತ ಕಡಿಮೆಯಾಗುವ ಕಾಲವೂ ಯಾರೂ ಕರೆಯದ ಕಾಲವೂ ಒಂದೇ ಆಗಿಬಿಟ್ಟಿದೆ. ಈ ಎಡೆಯನ್ನು ತುಂಬಿಕೊಡಿ ಎಂದು ಕೇಳಲು ಬಂದಿದ್ದೇವೆ.

ಇದನ್ನು ಬರೆಯುತ್ತಿರುವ ನನ್ನ ಮೊಮ್ಮಗಳಿಗೆ ಕಳೆದ ಮಳೆಗಾಲದಲ್ಲಿ 11 ತಿಂಗಳು. ಮಗ ಮಂಗಳೂರಿನಲ್ಲಿ ಕಟ್ಟಡದ ಕೆಲಸದವನು. ಸೊಸೆಯೂ ಮಗುವೂ ಎರಡು ತಿಂಗಳು ಅಲ್ಲೇ ಶೆಡ್ಡಿನಲ್ಲಿದ್ದು ಊರಿಗೆ ಬಂದರು. ಬಂದ ಮೇಲೆ ದಿನ ಬಿಟ್ಟು ದಿನ ಜ್ವರ. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಎರಡು ಸಲ ಜ್ವರದ ಸಿರಪ್ ಕೊಟ್ಟು ಕಳಿಸಿದರು, ರಕ್ತ ನೋಡಲಿಲ್ಲ. ಮಗು ಎರಡು ಗುಟುಕು ಹಾಲು ಕುಡಿಯುವಷ್ಟರಲ್ಲಿ ಸುಸ್ತಾಗಿ ಬಾಯಿ ಬಿಡುತ್ತಿತ್ತು. ಅಂಗೈ ಬಿಡಿಸಿ ನೋಡಿದರೆ ಬೆಳ್ತಿಗೆ ಅಕ್ಕಿ ತೊಳೆದ ನೀರಿನ ಬಣ್ಣ. ಮೂರನೆಯ ಸಲ ಬೇರೆ ಕಡೆ ರಕ್ತ ಪರೀಕ್ಷೆ ಮಾಡಿದಾಗ ವೈವಾಕ್ಸ್ ಎಂಬ ಬಗೆಯ ಮಲೇರಿಯಾ, ಹಿಮೋಗ್ಲೋಬಿನ್ ತೀರಾ ಕಡಿಮೆ, 6.8. ದೇವರ ದಯೆಯಿಂದ ಮಗು ಉಳಿಯಿತು.

ಮಲೇರಿಯಾದ ರೋಗಾಣು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮೊದಲೇ ರಕ್ತ ಕಡಿಮೆಯಿರುವ ಮಗು ಅದನ್ನು ತಡೆಯಲಾರದು. ಅದಲ್ಲದೆ ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ಕೂರುತ್ತದೆ. ಅಲ್ಲಿಂದ ಅದನ್ನು ಹೊರಗಟ್ಟುವ ಪ್ರೈಮಾಕ್ವಿನ್ ಮಾತ್ರೆಯನ್ನು ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡುವಂತಿಲ್ಲ. ಜ್ವರ ಬಿಟ್ಟರೂ ತಿಂಗಳುಗಳ ಮೇಲೆ ಮರುಕಳಿಸಬಹುದು. ಹಾಗಾಗಿ ಅಂಥ ಮಗುವನ್ನು ಮತ್ತೆ ಮತ್ತೆ ಕರೆದು ನೋಡಲೇಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ಶೇ. 67.1, ಕೇರಳದಲ್ಲಿ ಶೇ. 39.4. ಈ ವಯಸ್ಸಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣಾಂಶದ ಸಿರಪ್ ಕೊಡಬೇಕೆಂದು 2018ರ ರಕ್ತಹೀನತೆ ಮುಕ್ತ ಭಾರತ ಯೋಜನೆಯಲ್ಲೇ ಇದೆ. ಬಾಟಲಿ ಮನೆಗೆ ಬಂದರೆ ಸಾಲದು. ನಮ್ಮ ನೆರೆಮನೆಯಲ್ಲಿ ಮಗುವಿನ ಕಕ್ಕ ಕಪ್ಪಾಯಿತೆಂದು ಹೆದರಿ ಬಾಟಲಿಯನ್ನು ಕಿಟಕಿಯ ದಂಡೆಯಲ್ಲಿಟ್ಟರು. ಈಗಲೂ ಮುಕ್ಕಾಲು ತುಂಬಿಕೊಂಡು ಅಲ್ಲೇ ಇದೆ, ಮುಚ್ಚಳಕ್ಕೆ ಇರುವೆ ಹತ್ತಿದೆ. ಕಬ್ಬಿಣದ ಮದ್ದಿಗೆ ಹಾಗಾಗುವುದು ಸಹಜ ಎಂದು ಅವರ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ.

ತಾಂಜಾನಿಯಾದ ಇಫಕಾರಾದಲ್ಲಿ ಚುಚ್ಚುಮದ್ದಿಗೆ ಬಂದ ಶಿಶುಗಳಿಗೆ 2, 3 ಮತ್ತು 9 ತಿಂಗಳಲ್ಲಿ ಮಲೇರಿಯಾ ತಡೆಯುವ ಮದ್ದನ್ನೂ ಅಲ್ಲಿಯೇ ಕೊಟ್ಟು ನೋಡಿದರು. ಮೊದಲ ವರ್ಷದ ಮಲೇರಿಯಾ ಜ್ವರ ಶೇ. 59, ತೀವ್ರ ರಕ್ತಹೀನತೆ ಶೇ. 50 ಕಡಿಮೆಯಾಯಿತೆಂದು 2001ರಲ್ಲಿ ಪ್ರಕಟಿಸಿದರು. ಮಲೇರಿಯಾ ವರ್ಷವಿಡೀ ಕಾಡುವ ಸೀಮೆಯ ಮಾತು ಅದು. ಆ ಮದ್ದನ್ನು ನಾವು ಕೇಳುತ್ತಿಲ್ಲ. ಹೇಗೂ ಬರುವ ತಾಯಿಗೆ ಬಂದಲ್ಲಿಯೇ ಇನ್ನೊಂದು ಸೇವೆ ಸಿಗಲಿ ಎಂಬ ಆ ರೀತಿ ಮಾತ್ರ ನಮಗೂ ಬೇಕು.

ಆದ್ದರಿಂದ 9 ತಿಂಗಳ ಮತ್ತು 16 ತಿಂಗಳ ಚುಚ್ಚುಮದ್ದಿನಂದು ಪ್ರತಿ ಮಗುವಿನ ಹಿಮೋಗ್ಲೋಬಿನ್ ನೋಡಿ, ಒಂದು ಸಲದ ಸಿರಪ್ಪನ್ನು ತಾಯಿಯ ಕೈಯಿಂದಲೇ ಹಾಕಿಸಿ ತೋರಿಸಬೇಕು. ನಡುವೆ 6 ಮತ್ತು 12 ತಿಂಗಳಿಗೆ ಅಂಗನವಾಡಿಯಲ್ಲಿ ಮಕ್ಕಳ ಪೌಷ್ಟಿಕ ಆಹಾರವಾದ ಅಮೃತಂ ಪುಡಿ ಕೊಡುವ ದಿನವೇ ನರ್ಸ್ ಬಂದು ನೋಡುವಂತಾಗಲಿ. ಜ್ವರವಿರುವ ಶಿಶುವಿಗೆ, ಅದರಲ್ಲೂ ಮನೆಯವರು ಮಂಗಳೂರಿಗೆ ಹೋಗಿ ಬರುವವರಾದರೆ, ಮಲೇರಿಯಾ ಪರೀಕ್ಷೆ ಮಾಡದೆ ಕಳಿಸಬಾರದು. ಜ್ವರ ಇಳಿಯುವವರೆಗೆ ಕಬ್ಬಿಣಾಂಶದ ಸಿರಪ್ ನಿಲ್ಲಿಸಬೇಕೆಂಬುದನ್ನೂ ತಿಳಿಸಲಿ. ಹೇಳುವುದು, ಬರೆದುಕೊಡುವುದು ಕನ್ನಡದಲ್ಲಿರಲಿ. ಕನ್ನಡಿಗ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾನೂನೇ ಕೊಟ್ಟಿದೆ. ಪ್ರಾಥಮಿಕ ಆರೋಗ್ಯ ಕೇಂದ್ರ ಪಂಚಾಯತಿನ ಕೈಯಲ್ಲೇ ಇರುವುದರಿಂದ ಮುಂದಿನ ಆಡಳಿತ ಸಮಿತಿ ಸಭೆಯಲ್ಲಿ ಇದನ್ನು ತೀರ್ಮಾನಿಸಿ, ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇವೆ.

ಇತಿ,
ವಾರ್ಡಿನ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)