ಜರ್ಮನಿಯ ಟ್ಯೂಬಿಂಗನ್‌ನಲ್ಲಿರೋ ಪುಟ್ಟಿಗೆ ಚಿಕ್ಕಮ್ಮನ ಕಾಗದ

ಪ್ರೀತಿಯ ಪುಟ್ಟಿ,

ನಿನ್ನ ಮೇಲ್ ಓದ್ದೆ, ಎರಡು ಸಲ ಓದ್ದೆ. ನಿಮ್ಮಮ್ಮಂಗೆ ತೋರ್ಸಿಲ್ಲ, ಹೆದರ್ಬೇಡ. ತೋರ್ಸಿದ್ರೆ ಅಕ್ಕ ಇವತ್ತೇ ಟಿಕೆಟ್ ಬುಕ್ ಮಾಡಿ ವಾಪಸ್ ಬಾ ಅಂತಾಳೆ, ಭಾವ ಅದಕ್ಕೆ ಒಂದು ವಾರ ಲೆಕ್ಚರ್ ಕೊಡ್ತಾರೆ, ಯಾರಿಗೆ ಬೇಕು ಅದೆಲ್ಲ. ನೀನು ಅಷ್ಟುದ್ದ ಬರ್ದಿರೋದ್ರಲ್ಲಿ ವಿಷಯ ಇಷ್ಟೇ ತಾನೆ: ಎಕ್ಸ್‌ಚೇಂಜಲ್ಲಿ ಓದೋಕೆ ಬಂದು ಒಂದೂವರೆ ತಿಂಗಳಾಯ್ತು, ಕ್ಲಾಸಲ್ಲಿ ಯಾರೂ ಮಾತಾಡ್ಸಲ್ಲ, ನಾನೊಬ್ಳು ಅಲ್ಲಿ ಕೂತಿದೀನಿ ಅನ್ನೋದೇ ಪ್ರೊಫೆಸರ್‌ಗೆ ಗೊತ್ತಿಲ್ಲ, ನಾಲ್ಕೂವರೆಗೆಲ್ಲ ಕತ್ತಲು, ಈ ಸೆಮಿಸ್ಟರ್ ದಂಡ ಆಯ್ತೇನೋ ಅನ್ಸ್ತಿದೆ. 2009ರ ಚಳಿಗಾಲ ಪೂರ್ತಿ ನಾನೂ ಅದೇ ಊರಲ್ಲಿ, ಅದೇ ಗುಡ್ಡದ ಮೇಲಿನ ಹಾಸ್ಟೆಲಲ್ಲಿ ಇದ್ದೋಳು ಕಣೇ, ಅದಕ್ಕೇ ಸುಮ್ನೆ ಸಮಾಧಾನ ಹೇಳೋ ಬದ್ಲು ಕೆಲಸಕ್ಕೆ ಬರೋದನ್ನ ಹೇಳ್ತೀನಿ.

ಯಾರೂ ನಿನ್ನನ್ನ ಕೇಳಲ್ಲ ಅನ್ನೋದು ನಿಜ, ಅದು ಫೆಬ್ರವರಿವರೆಗೂ ಹಾಗೇ ಇರತ್ತೆ. ಅದು ಸೊಕ್ಕು ಅಂದ್ಕೊಬೇಡ. ಬೇಕಾದೋರು ಬಂದು ಕೇಳ್ತಾರೆ, ಕೇಳ್ದೆ ಇದ್ರೆ ಬೇಡ ಅಂತ, ಇದು ಅವರ ಲೆಕ್ಕ. ನಮ್ಮ ಕಡೆ ಕಾಲೇಜೇ ನಮ್ಮನ್ನ ಅಟ್ಟಿಸ್ಕೊಂಡು ಬರತ್ತೆ, ಅಟೆಂಡೆನ್ಸ್ ಶಾರ್ಟೇಜ್ ಅಂತ ಮನೆಗೆ ಫೋನ್ ಮಾಡ್ತಾರೆ, ಇಂಟರ್ನಲ್ಸು, ರೆಕಾರ್ಡಿಗೆ ಸೈನು, ಪ್ರಾಕ್ಟಿಕಲ್ ಮುಂಚೆ ಎಚ್‌ಓಡಿ ಮುಂದೆ ಪೆರೇಡು, ಕೊನೆಗೆ ನಾವೇನೂ ಮಾಡ್ದೆ ಇದ್ರೂ ಅವರೇ ತಳ್ಳಿ ತಳ್ಳಿ ಪಾಸ್ ಮಾಡ್ಸ್ತಾರೆ. ಅಲ್ಲಿ ಹೆಚ್ಚಿನ ಲೆಕ್ಚರಿಗೆ ಹಾಜರಿ ಕೂಡ ಇಲ್ಲ, ಕೊನೆಗೆ ಒಂದೇ ಪರೀಕ್ಷೆ. ಆ ಪರೀಕ್ಷೆಗೆ ನಾನು ಕೂತ್ಕೋತೀನಿ ಅಂತ ನೀನೇ ಮುಂಚೆ ರಿಜಿಸ್ಟರ್ ಮಾಡ್ಕೋಬೇಕು. ನಮ್ಮ ಬ್ಯಾಚಲ್ಲಿ ಪುಣೆಯಿಂದ ಬಂದಿದ್ದ ಒಬ್ಬ ಹುಡುಗ ಇದ್ದ, ಒಂದು ಕ್ಲಾಸೂ ಬಿಡ್ದೆ ಮೊದಲ ಸಾಲಲ್ಲಿ ಕೂತು ನೋಟ್ಸ್ ಬರ್ದೋನು, ರಿಜಿಸ್ಟ್ರೇಶನ್ ಡೇಟ್ ದಾಟಿಸ್ಕೊಂಡ. ಯಾರಾದ್ರೂ ಹೇಳ್ತಾರೆ ಅಂತ ಕಾಯ್ತಿದ್ದ ಪಾಪ. ಪರೀಕ್ಷೆಗೆ ಕೂರ್ಸ್ಲಿಲ್ಲ, ಕ್ರೆಡಿಟ್ ಹೋಯ್ತು. ನಿಮಗೀಗ ಆಲ್ಮಾ ಅನ್ನೋ ಯೂನಿವರ್ಸಿಟಿ ಪೋರ್ಟಲ್ ಇದೆಯಲ್ಲ, ಇವತ್ತೇ ತೆಗ್ದು ನಿನ್ನ ಕೋರ್ಸುಗಳಿಗೆ ಅಲ್ಲೇ ರಿಜಿಸ್ಟ್ರೇಶನ್ನಾ, ಇಲ್ಲ ಡಿಪಾರ್ಟ್‌ಮೆಂಟ್‌ಗೆ ಬೇರೆ ಮೇಲ್ ಹಾಕ್ಬೇಕಾ, ಕೊನೇ ದಿನ ಯಾವ್ದು, ಎಲ್ಲಾ ನೋಡು. ಒಂದೊಂದು ವಿಭಾಗದ್ದು ಒಂದೊಂದು ನಿಯಮ. ಎಕ್ಸ್‌ಚೇಂಜ್ ಸ್ಟೂಡೆಂಟ್ಸ್‌ಗೆ ಕೆಲವು ಸಲ ಇನ್ನೊಂದೇ ನಿಯಮ ಇರತ್ತೆ, ಅದನ್ನೂ ಕೇಳು.

ಪ್ರೊಫೆಸರ್ ವಿಷಯ. ಪ್ರತಿಯೊಬ್ರಿಗೂ ವಾರದಲ್ಲಿ ಒಂದು ಭೇಟಿ ಸಮಯ ಇರತ್ತೆ, ಬಾಗಿಲ ಮೇಲೆ ಅಂಟ್ಸಿರ್ತಾರೆ ಇಲ್ಲಾಂದ್ರೆ ವೆಬ್‌ಸೈಟಲ್ಲಿ ಇರತ್ತೆ. ಮೇಲ್ ಹಾಕಿ ಟೈಮ್ ತಗೊಂಡು ಹೋಗು. ನಮ್ಮಲ್ಲಿ ಸ್ಟಾಫ್ ರೂಮಿಗೆ ಹೋಗೋದು ಅಂದ್ರೆ ಬೈಸ್ಕೊಳಕ್ಕೆ ಅನ್ನೋ ಅಭ್ಯಾಸ, ಅಲ್ಲಿ ಹಾಗಲ್ಲ, ಎದುರು ಕೂರ್ಸಿ ಕೇಳ್ತಾರೆ, ಆ ಹದಿನೈದು ನಿಮಿಷ ಪೂರ್ತಿ ನಿಂದೇ. ಆದ್ರೆ ಸುಮ್ನೆ 'ಸರ್ ಏನೂ ಅರ್ಥ ಆಗ್ತಿಲ್ಲ' ಅಂತ ಹೋಗ್ಬೇಡ, ಮೂರನೇ ಸ್ಲೈಡಲ್ಲಿ ಇದು ಯಾಕೆ ಹೀಗೆ ಅಂತ ಬರ್ಕೊಂಡು ಹೋಗು. ಕ್ಲಾಸ್ ಮುಗಿದ್ಮೇಲೆ ಎಲ್ಲಾರೂ ಮೇಜು ಕುಟ್ಟಿದಾಗ ಭಯ ಆಯ್ತು ಅಂತ ಬರ್ದಿದೀಯಲ್ಲ, ನಗು ತಡಿಯೋಕಾಗ್ಲಿಲ್ಲ ನಂಗೆ, ಅದು ಅವರ ಚಪ್ಪಾಳೆ ಕಣೇ. ಆಮೇಲೆ ಟೈಮ್‌ಟೇಬಲಲ್ಲಿ ಗಂಟೆ ಪಕ್ಕ ಸಿ.ಟಿ. ಅಂತಿದ್ರೆ ಹದಿನೈದು ನಿಮಿಷ ತಡವಾಗಿ ಶುರು, ಎಸ್.ಟಿ. ಅಂತಿದ್ರೆ ಕರೆಕ್ಟ್ ಟೈಮಿಗೆ. ನೀನು ಕಾಲು ಗಂಟೆ ಖಾಲಿ ಹಾಲಲ್ಲಿ ಒಬ್ಳೇ ಕೂತಿದ್ದೆ ಅಂದ್ಯಲ್ಲ, ಅದಕ್ಕೇ.

ಮಾರ್ಕ್ಸ್ ನೋಡಿ ಗಾಬರಿ ಆಗ್ಬೇಡ, ಅಲ್ಲಿ ಲೆಕ್ಕ ಉಲ್ಟಾ, 1.0 ಅಂದ್ರೆ ಎಲ್ಲಕ್ಕಿಂತ ಮೇಲೆ, 4.0 ಅಂದ್ರೆ ಹೇಗೋ ಪಾಸು, 5 ಬಂದ್ರೆ ಫೇಲು. ಇಲ್ಲಿಯ ನಿನ್ನ ಕಾಲೇಜಿನವರು ಅದನ್ನ ಸಿಜಿಪಿಎಗೆ ಹೇಗೆ ಬದಲಾಯಿಸ್ತಾರೆ ಅಂತ ಈಗ್ಲೇ ಕೇಳಿ ಮೇಲಲ್ಲಿ ಉತ್ತರ ತಗೊಂಡು ಇಟ್ಕೋ, ಬಾಯಿ ಮಾತು ನಂಬ್ಬೇಡ. ಒಂದು ಕೋರ್ಸ್ ಬಿಟ್ಟು ಇನ್ನೊಂದು ತಗೊಂಡೆ ಅಂದ್ಯಲ್ಲ, ಯಾವ ಕೋರ್ಸ್ ಓದ್ತೀಯ ಅಂತ ಎರಡೂ ಕಾಲೇಜಿನವರು ಒಪ್ಪಿರೋ ಲರ್ನಿಂಗ್ ಅಗ್ರಿಮೆಂಟಲ್ಲಿ ಅದನ್ನ ತಿದ್ದಿ ಎರಡೂ ಕಡೆ ಸೈನ್ ಆಯ್ತಾ? ಆಗಿರಲ್ಲ, ನಂಗೊತ್ತು. ಈ ವಾರ ಮುಗ್ಸು.

ಇನ್ನು ಫ್ರೆಂಡ್ಸು. ಶ್ವಾಬಿಯಾ ಅಂದ್ರೆ ನಿಮ್ಮೂರಿನ ಸೀಮೆ, ಆ ಕಡೆಯ ಜನ ಮೊದಲೇ ಮಾತು ಕಮ್ಮಿ, ಬೇರೆ ಕಡೆಯ ಜರ್ಮನ್ನರೇ ಅವರನ್ನ ಜಿಪುಣರು ಅಂತ ಆಡ್ಕೋತಾರೆ. ನಿನ್ನ ಫ್ಲೋರಿನ ಹುಡುಗಿ 'ಕಾಫಿಗೆ ಹೋಗೋಣ' ಅಂದ್ರೆ ಕ್ಯಾಲೆಂಡರ್ ತೆಗ್ದು ಎರಡು ವಾರದ ಮುಂದಿನ ಗುರುವಾರ ಅಂದ್ಲು ಅಂತ ಬೇಜಾರು ಮಾಡ್ಕೊಂಡಿದೀಯ. ಆ ಗುರುವಾರ ಬಂದಾಗ ಅವಳು ಬಂದೇ ಬರ್ತಾಳೆ, ನೋಡ್ತಿರು. ನಮ್ಮಲ್ಲಿ 'ಬರ್ತೀನಿ ಬರ್ತೀನಿ' ಅಂದೋರು ಎಷ್ಟು ಜನ ಬರ್ತಾರೆ ಹೇಳು. ಅಲ್ಲಿ ಗೆಳೆತನ ಶುರುವಾಗೋ ಜಾಗ ಅಡುಗೆಮನೆ. ಕೆಹ್ರ್‌ವೋಖೆ ಬೋರ್ಡು ನಿಮ್ಮ ಬಾಗಿಲಿಗೂ ಬಂತಾ? ಈ ವಾರ ಮೆಟ್ಟಿಲು ಗುಡಿಸಿ ಒರೆಸೋ ಸರದಿ ನಿಂದು ಅಂತ. ಅದನ್ನ ಮಾತ್ರ ತಪ್ಪಿಸ್ಬೇಡ, ಸಿಂಕಲ್ಲಿ ಕುಕ್ಕರ್ ನೆನೆಸಿಟ್ಟು ಎರಡು ದಿನ ಬಿಡ್ಬೇಡ, ಹೆಸರು ಕೆಡೋದು ಅಲ್ಲಿಂದ್ಲೇ. ಒಂದು ಶನಿವಾರ ಚಿತ್ರಾನ್ನ ಕಲಸು, ಖಾರ ಕಮ್ಮಿ ಹಾಕು, ಒಬ್ಬೊಬ್ರ ಬಾಗಿಲು ತಟ್ಟಿ ತಿಂತೀರಾ ಅಂತ ಕೇಳು. ಭಾನುವಾರ ಅಂಗಡಿ ಒಂದೂ ತೆಗ್ದಿರಲ್ಲ, ಸಾಮಾನು ಶನಿವಾರ ಬೆಳಿಗ್ಗೇನೇ ತಂದಿಟ್ಕೋ. ಇಂಡಿಯನ್ ಸ್ಟೂಡೆಂಟ್ಸ್ ವಾಟ್ಸಾಪ್ ಗ್ರೂಪ್ ಇರ್ಲಿ, ಜ್ವರ ಬಂದ್ರೆ ಗಂಜಿ ತರೋರು ಅವರೇ, ಆದ್ರೆ ಪ್ರತಿ ವಾರಾಂತ್ಯ ಅವರ ಜೊತೆನೇ ಪಲಾವ್ ಮಾಡ್ಕೊಂಡು ಕ್ರಿಕೆಟ್ ನೋಡೋದಾದ್ರೆ ಅಷ್ಟು ದೂರ ಯಾಕೆ ಹೋಗ್ಬೇಕಿತ್ತು, ಮೈಸೂರಲ್ಲೇ ಇರ್ಬಹುದಿತ್ತು.

ಮೆನ್ಸಾದಲ್ಲಿ, ಅದೇ ಯೂನಿವರ್ಸಿಟಿ ಕ್ಯಾಂಟೀನಲ್ಲಿ, ತಿನ್ನೋಕೆ ಏನೂ ಇಲ್ಲ ಅಂತ ಹೇಳ್ಬೇಡ, ಸುಳ್ಳು. ಲಿನ್ಸನ್ ಮಿಟ್ ಶ್ಪೆಟ್ಸ್ಲೆ ಅಂತ ಬರ್ದಿದ್ರೆ ಅದು ಬೇಳೆ ಮತ್ತೆ ಅವರ ಶಾವಿಗೆ ಥರದ್ದು, ಮೇಲೆ ಸಾಸೇಜ್ ಇಡ್ತಾರೆ, ಅದು ಬೇಡ ಅಂತ ಕೌಂಟರಲ್ಲಿ ಬಾಯಿ ಬಿಟ್ಟು ಹೇಳು, ಆದ್ರೆ ಬೇಳೆ ಬೇಯಿಸ್ವಾಗ್ಲೇ ಮಾಂಸ ಹಾಕಿದಾರಾ ಅಂತ್ಲೂ ಕೇಳು. ಮೌಲ್ಟಾಶೆನ್ ನಮ್ಮ ಕಡುಬಿನ ಥರ ಕಾಣತ್ತೆ, ಮೋಸ ಹೋಗ್ಬೇಡ, ಒಳಗೆ ಮಾಂಸ. ಉಪವಾಸದ ದಿನ ದೇವರ ಕಣ್ಣಿಗೆ ಕಾಣ್ದೆ ಇರ್ಲಿ ಅಂತ ಸನ್ಯಾಸಿಗಳು ಹಿಟ್ಟೊಳಗೆ ಮಾಂಸ ಬಚ್ಚಿಟ್ರು ಅಂತ ಅವರೇ ಕಥೆ ಹೇಳ್ಕೋತಾರೆ. ತರಕಾರಿದೂ ಸಿಗತ್ತೆ, ಕೇಳಿ ತಗೋ.

ಪೋಸ್ಟ್ ಬಾಕ್ಸ್ ದಿನಾ ನೋಡು. ಅಲ್ಲಿ ಆಫೀಸುಗಳೆಲ್ಲ ಇನ್ನೂ ಕಾಗದದಲ್ಲೇ ಮಾತಾಡೋದು. ತಿಂಗಳಿಗೆ 18.36 ಯೂರೋ ರೇಡಿಯೋ ಟೀವಿ ಶುಲ್ಕ ಕಟ್ಟು ಅಂತ ಬಂದಿರೋದು ಮೋಸದ ಕಾಗದ ಅಲ್ಲ, ನಿಜವಾದ್ದು, ಟೀವಿ ಇಲ್ದೆ ಇದ್ರೂ ಕಟ್ಬೇಕು. ಆದ್ರೆ ಅದು ಒಂದು ಮನೆಗೆ ಒಂದೇ, ಫ್ಲ್ಯಾಟಲ್ಲಿ ಬೇರೆ ಯಾರಾದ್ರೂ ಆಗ್ಲೇ ಕಟ್ತಿದ್ರೆ ಅವರ ನಂಬರ್ ಬರ್ದು ಉತ್ತರ ಕಳ್ಸು, ನಿನ್ನ ಪಾಲು ಅವರಿಗೆ ಕೊಡು. ಎಲ್ಲದನ್ನೂ ನೂರರಿಂದ ಗುಣಿಸಿ ರೂಪಾಯಿ ಲೆಕ್ಕ ಹಾಕೋದು ಬಿಡು. ವೀಸಾಗೆ ಅಂತ ಮೊದಲೇ ದುಡ್ಡು ಕಟ್ಟಿಟ್ಟ ಬ್ಲಾಕ್ಡ್ ಅಕೌಂಟಿಂದ ತಿಂಗಳಿಗೆ ಬರೋ 992 ಯೂರೋದಲ್ಲಿ ಬಾಡಿಗೆ, ಇನ್ಶೂರೆನ್ಸ್ ಕಳ್ದು ಉಳಿದಿದ್ರಲ್ಲಿ ಬದುಕು, ಅಷ್ಟೇ ಲೆಕ್ಕ. ಅಂದ ಹಾಗೆ ಯುರೋಪಿನ ಹೊರಗಿಂದ ಹೋಗಿ ಪೂರ್ತಿ ಡಿಗ್ರಿ ಮಾಡೋರಿಗೆ ಟ್ಯೂಬಿಂಗನ್ ಇರೋ ಆ ರಾಜ್ಯದಲ್ಲಿ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಫೀ ಇದೆ, ಎಕ್ಸ್‌ಚೇಂಜಲ್ಲಿ ಹೋಗಿರೋ ನಿಂಗೆ ಅದಿಲ್ಲ. ದಂಡ ಆಯ್ತು ಅನ್ನೋಕೆ ಮುಂಚೆ ಅದನ್ನೊಂದು ಸಲ ಯೋಚ್ನೆ ಮಾಡು.

ಕತ್ತಲಿಗೆ ಔಷಧಿ ಇಲ್ಲ, ಮಧ್ಯಾಹ್ನ ಬೆಳಕಿರ್ವಾಗ್ಲೇ ಹೊರಗೆ ನಡಿ. ನೆಕ್ಕಾರ್ ನದಿ ಮಧ್ಯದ ಆ ಮರಗಳ ಸಾಲಲ್ಲಿ ಒಂದು ಸುತ್ತು ಹಾಕಿ ಕೋಟೆಗೆ ಹತ್ತು. ಬಯೋಟೆಕ್ ಓದೋಳು ನೀನು, ಆ ಕೋಟೆಯ ಹಳೇ ಅಡುಗೆಮನೆಲೇ 1869ರಲ್ಲಿ ಮೀಶರ್ ಅನ್ನೋ ಸ್ವಿಸ್ ಹುಡುಗ ಆಸ್ಪತ್ರೆಯ ಬ್ಯಾಂಡೇಜಿನ ಕೀವು ತೊಳ್ದು ಡಿಎನ್‌ಎ ಬೇರ್ಪಡಿಸಿದ್ದು, ಅವನು ಅದಕ್ಕೆ ನ್ಯೂಕ್ಲೀನ್ ಅಂದ. ಅದನ್ನ ನೋಡ್ದೆ ಬಂದ್ರೆ ನಿನ್ನ ಜೊತೆ ಮಾತಾಡಲ್ಲ. ಇನ್ನೊಂದು. ಮಂಗಳೂರಲ್ಲಿ 1843ರಲ್ಲಿ ಮೊದಲ ಕನ್ನಡ ಪತ್ರಿಕೆ ತಂದ ಮೊಗ್ಲಿಂಗ್ ಓದಿದ್ದು ನಿಮ್ಮ ಯೂನಿವರ್ಸಿಟಿಲೇ. 1894ರಲ್ಲಿ ಕನ್ನಡ ನಿಘಂಟು ಅಚ್ಚು ಹಾಕಿಸಿದ ಕಿಟೆಲ್‌ಗೆ ಎರಡು ವರ್ಷ ಆದ್ಮೇಲೆ ಗೌರವ ಡಾಕ್ಟರೇಟ್ ಕೊಟ್ಟಿದ್ದೂ ಅದೇ ಯೂನಿವರ್ಸಿಟಿ, ಅವರು 1903ರಲ್ಲಿ ತೀರ್ಕೊಂಡಿದ್ದೂ ಅದೇ ಊರಲ್ಲಿ. ಗುರುತಿಲ್ದ ಊರಿಗೆ ಬಂದು, ನಮ್ಮ ಪಂಡಿತರನ್ನ ಕೇಳಿ ಕೇಳಿ ಅಷ್ಟು ದಪ್ಪದ ಪುಸ್ತಕ ಮಾಡಿದ ಮನುಷ್ಯ. ನೀನು ಪಕ್ಕದ ಸೀಟಿನವಳ ಹತ್ರ ಲ್ಯಾಬ್ ನೋಟ್ಸ್ ಕೇಳೋಕೆ ನಾಚ್ಕೋತೀಯ.

ಅಮ್ಮಂಗೆ ದಿನಾ ವಿಡಿಯೋ ಕಾಲ್ ಮಾಡಿ ಅಳೋದು ಬೇಡ, ಎರಡು ದಿನಕ್ಕೊಂದ್ಸಲ ಮಾಡು, ಅಲ್ಲಿ ಸಂಜೆ ನಾಲ್ಕಕ್ಕೆ ಮಾಡಿದ್ರೆ ಇಲ್ಲಿ ಎಂಟೂವರೆ, ಅವಳ ಊಟಕ್ಕೆ ಮುಂಚೆ ಆಗತ್ತೆ. ಸಾರಿನ ಪುಡಿ, ಮೆಂತ್ಯ ಹಿಟ್ಟು ಡಿಸೆಂಬರಲ್ಲಿ ಸ್ಟುಟ್‌ಗಾರ್ಟ್‌ಗೆ ಬರೋ ನನ್ನ ಫ್ರೆಂಡ್ ಕೈಲಿ ಕಳಿಸ್ತೀನಿ, ನೀನೇ ಹೋಗಿ ಇಸ್ಕೋಬೇಕು. ಪರೀಕ್ಷೆ ರಿಜಿಸ್ಟ್ರೇಶನ್ ಆದ ತಕ್ಷಣ ಸ್ಕ್ರೀನ್‌ಶಾಟ್ ಕಳ್ಸು, ಲರ್ನಿಂಗ್ ಅಗ್ರಿಮೆಂಟ್ ಸೈನ್ ಆಗಿರೋದೂ ಕಳ್ಸು. ಭಾನುವಾರದೊಳಗೆ ಬರ್ಲಿಲ್ಲ ಅಂದ್ರೆ ನಿನ್ನ ಮೇಲ್ ಅಕ್ಕಂಗೆ ಫಾರ್ವರ್ಡ್ ಮಾಡ್ತೀನಿ, ನೋಡ್ಕೋ.

ನಿನ್ನ
ಚಿಕ್ಕಮ್ಮ