ಜಲವಿದ್ಯುತ್ ಅಣೆಕಟ್ಟಿನ ಹಳೆಯ ಕಸತಡೆ ಜಾಲರಿಗಳನ್ನು ಪೂರ್ತಿಯಾಗಿ ಬದಲಿಸಲು ಕೋರಿ ಮನವಿ

ಇವರಿಗೆ,
ಮುಖ್ಯ ಇಂಜಿನಿಯರ್ ಅವರು,
ಅಣೆಕಟ್ಟು ಮತ್ತು ವಿದ್ಯುದಾಗಾರ ನಿರ್ವಹಣಾ ವಿಭಾಗ

ಇವರಿಂದ,
ಅಣೆಕಟ್ಟಿನ ಕೆಳಗಿನ ನದಿದಂಡೆಯ ನಿವಾಸಿಗಳು

ಮಾನ್ಯರೇ,

ಟರ್ಬೈನ್‌ಗೆ ನೀರು ನುಗ್ಗುವ ಬಾಯಿಗೆ ಅಡ್ಡಲಾಗಿ ನಿಂತಿರುವ ಕಸತಡೆ ಜಾಲರಿಗಳು ಅಣೆಕಟ್ಟು ಕಟ್ಟಿದಾಗ ಇಳಿಸಿದವೇ ಆಗಿವೆ. ಮುರಿದ ಪಟ್ಟಿಗೆ ಬೆಸುಗೆ ಹಾಕಿ ಮತ್ತೆ ಇಳಿಸುವುದು ಇನ್ನು ಸಾಕು, ಅವನ್ನು ಪೂರ್ತಿಯಾಗಿ ಬದಲಿಸಿ ಎಂದು ಕೇಳಲು ಈ ಮನವಿ ಸಲ್ಲಿಸುತ್ತಿದ್ದೇವೆ.

ಅಣೆಕಟ್ಟಿನ ನೆತ್ತಿಯ ಮೇಲಿರುವ ಕ್ರೆಸ್ಟ್ ಗೇಟು ಸೋರಿದರೆ ದಾರಿಹೋಕರಿಗೂ ಗೊತ್ತಾಗುತ್ತದೆ. ಜಾಲರಿ ಸದಾ ನೀರಿನಡಿ ಇರುವುದರಿಂದ ಅದರ ಸವೆತ ಯಾರ ಕಣ್ಣಿಗೂ ಬೀಳುವುದಿಲ್ಲ. 10 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯನ್ನು ಎರಡೂ ಬದಿಯಿಂದ 2 ಮಿಲಿಮೀಟರಿನಷ್ಟು ತುಕ್ಕು ತಿಂದರೆ ಉಳಿಯುವುದು 6 ಮಿಲಿಮೀಟರ್ ಮಾತ್ರ. ತೆಳುವಾದ ಪಟ್ಟಿ ಹರಿವಿನ ಸುಳಿಗಳಿಗೆ ಸಿಕ್ಕಿ ಹೆಚ್ಚು ನಡುಗುತ್ತದೆ, ಆ ನಡುಕದಲ್ಲೇ ಬೆಸುಗೆಯ ಬುಡದಲ್ಲಿ ಬಿರುಕು ಹುಟ್ಟುತ್ತದೆ. ಸವೆದ ಲೋಹದ ಮೇಲೆ ಹೊಸ ಬೆಸುಗೆ ಹಾಕಿದರೆ ಅದರ ಪಕ್ಕದಲ್ಲೇ ಇನ್ನೊಂದು ಬಿರುಕು ಬಿಡುತ್ತದೆ. ಸಾದಾ ಉಕ್ಕಿನ ಹಳೆಯ ಚೌಕಟ್ಟಿಗೆ ಸ್ಟೇನ್‌ಲೆಸ್ ಪಟ್ಟಿ ಸೇರಿಸಿದರೂ ಪ್ರಯೋಜನವಿಲ್ಲ. ಎರಡು ಬೇರೆ ಲೋಹಗಳು ನೀರಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಸಾದಾ ಉಕ್ಕು ಇನ್ನೂ ಬೇಗ ಕರಗುತ್ತದೆ. ತೇಪೆ ಹಚ್ಚುವುದು ಬೇಡ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಮಳೆಗಾಲದ ಮೊದಲ ಪ್ರವಾಹ ಮರದ ದಿಮ್ಮಿ, ಜೊಂಡು, ಪ್ಲಾಸ್ಟಿಕ್ ಎಲ್ಲವನ್ನೂ ಒಟ್ಟಿಗೆ ಹೊತ್ತು ತರುತ್ತದೆ. ಜಾಲರಿಯ ಅರ್ಧ ಭಾಗ ಮುಚ್ಚಿಹೋದರೆ ಅಷ್ಟೇ ನೀರು ಉಳಿದರ್ಧದಲ್ಲಿ ಎರಡರಷ್ಟು ವೇಗದಿಂದ ನುಗ್ಗಬೇಕು, ಜಾಲರಿ ದಾಟುವಾಗ ಆಗುವ ನೀರಿನ ಮಟ್ಟದ ನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ. ಜಾಲರಿಯ ಹಿಂದುಮುಂದಿನ ನೀರಿನ ಮಟ್ಟದಲ್ಲಿ ಒಂದು ಮೀಟರ್ ವ್ಯತ್ಯಾಸ ಬಂದರೆ ಪ್ರತಿ ಚದರ ಮೀಟರಿನ ಮೇಲೆ ಬೀಳುವ ಒತ್ತಡ ಒಂದು ಟನ್. ಐದು ಮೀಟರ್ ಅಗಲ, ಎಂಟು ಮೀಟರ್ ಎತ್ತರದ ಜಾಲರಿ ಕಟ್ಟಿಕೊಂಡು ಆ ಒಂದು ಮೀಟರ್ ವ್ಯತ್ಯಾಸ ಬಂದರೂ ಅದು ತಡೆಯಬೇಕಾದದ್ದು 40 ಟನ್. ಅಷ್ಟು ಹೊರೆಯನ್ನು ತುಕ್ಕು ತಿಂದ ಪಟ್ಟಿಗಳ ಮೇಲೆ ಹಾಕುವುದು ಸರಿಯೇ? ಮುರಿದ ತುಂಡು ಟರ್ಬೈನಿನ ರೆಕ್ಕೆಗಳಿಗೆ ಬಡಿದರೆ ಘಟಕ ಒಮ್ಮೆಲೇ ನಿಲ್ಲುತ್ತದೆ. ಆಗ ಕೆಳಗಿನ ನದಿ ಗಳಿಗೆಯಲ್ಲಿ ಬತ್ತುತ್ತದೆ, ಗೇಟು ತೆರೆದರೆ ಅಷ್ಟೇ ದಿಢೀರನೆ ಉಕ್ಕುತ್ತದೆ. ನದಿಗೆ ಇಳಿದಿರುವ ಮಕ್ಕಳು, ಮೀನುಗಾರರು, ದನಕರುಗಳನ್ನು ನೆನೆದು ಭಯವಾಗುತ್ತದೆ.

ಖರ್ಚಿನ ಮಾತಿಗೂ ಉತ್ತರವಿದೆ. ಸೆಕೆಂಡಿಗೆ 100 ಘನ ಮೀಟರ್ ನೀರು ಸಾಗುವ ಕಡೆ ಕಸದಿಂದ ಅರ್ಧ ಮೀಟರ್ ಮಟ್ಟ ನಷ್ಟವಾದರೂ, ಯಂತ್ರಗಳ ದಕ್ಷತೆ ಶೇ 90 ಎಂದು ಹಿಡಿದರೆ, ಕೈತಪ್ಪುವ ವಿದ್ಯುತ್ ಸುಮಾರು 440 ಕಿಲೋವ್ಯಾಟ್. ಅಂದರೆ ದಿನಕ್ಕೆ ಹತ್ತು ಸಾವಿರ ಯೂನಿಟ್‌ಗಿಂತ ಹೆಚ್ಚು. ಪಟ್ಟಿಯ ಆಕಾರದಿಂದಲೂ ಉಳಿತಾಯವಿದೆ: ಜಾಲರಿಯಲ್ಲಾಗುವ ಮಟ್ಟ ನಷ್ಟವನ್ನು ಲೆಕ್ಕ ಹಾಕುವ 1926ರ ಕಿರ್ಷ್ಮರ್ ಸೂತ್ರದಲ್ಲಿ ಚೂಪು ಅಂಚಿನ ಆಯತಾಕಾರದ ಪಟ್ಟಿಯ ಗುಣಾಂಕ 2.42, ಎರಡೂ ಅಂಚು ದುಂಡಗಿದ್ದರೆ 1.67; ಗುಣಾಂಕ ಕಡಿಮೆಯಾದಷ್ಟೂ ನಷ್ಟ ಕಡಿಮೆ.

ಹೊಸ ಜಾಲರಿ ಇಳಿಸುವ ಮೊದಲು ಹಳೆಯದರ ದಪ್ಪವನ್ನು ಅಲ್ಟ್ರಾಸಾನಿಕ್ ಉಪಕರಣದಿಂದ ಅಳೆದು ವರದಿಯನ್ನು ಸಾರ್ವಜನಿಕರ ಮುಂದಿಡಬೇಕು. ಪಟ್ಟಿಗಳ ನಡುವಿನ ಅಂತರವನ್ನು ಟರ್ಬೈನ್ ನೋಡಿ ಮಾತ್ರ ನಿರ್ಧರಿಸದೆ ಮೀನು ತಜ್ಞರನ್ನೂ ಕೇಳಿ. ಅಂತರ ಅಗಲವಾದರೆ ಮೀನು ಒಳಗೆ ಹೋಗಿ ಸಾಯುತ್ತದೆ. ಕಿರಿದಾಗಿದ್ದು ಸೆಳೆತವೂ ಜೋರಾಗಿದ್ದರೆ ಜಾಲರಿಗೆ ಅಂಟಿ ಸಾಯುತ್ತದೆ. ಕಸ ಬಾಚುವ ಯಂತ್ರ, ಮಟ್ಟದ ವ್ಯತ್ಯಾಸ ಮಿತಿ ದಾಟಿದಾಗ ಎಚ್ಚರಿಸುವ ಮಾಪಕ, ಮುಂದುಗಡೆ ದಿಮ್ಮಿ ತಡೆಯುವ ತೇಲುತಡೆ ಇವೂ ಅದೇ ಕಾಮಗಾರಿಯಲ್ಲಿ ಸೇರಲಿ.

ಕೆಲಸದ ವಿಧಾನದ ಬಗ್ಗೆಯೂ ನಮಗೆ ಆತಂಕವಿದೆ. ನೀರನ್ನು ತಾತ್ಕಾಲಿಕವಾಗಿ ತಡೆಯುವ ಸ್ಟಾಪ್ ಲಾಗ್ ಹಲಗೆಗಳನ್ನು ಇಳಿಸಿ ಕೆಲಸ ಮಾಡಲು ಸಾಧ್ಯವಿದ್ದರೆ ಜಲಾಶಯವನ್ನು ಖಾಲಿ ಮಾಡಬೇಡಿ. ತಳದ ಹೂಳು ಒಮ್ಮೆಲೇ ಹರಿದರೆ ಕೆಳಗಿನ ಮೀನು ಉಳಿಯದು. ಮುಳುಗುಗಾರರು ನೀರಿಗಿಳಿಯುವ ಮೊದಲು ಘಟಕ ನಿಲ್ಲಿಸಿ ಬೀಗ ಹಾಕಿರಬೇಕು, ಏಕೆಂದರೆ ಆ ಸೆಳೆತಕ್ಕೆ ಸಿಕ್ಕವರು ಜಾಲರಿಯಿಂದ ಬಿಡಿಸಿಕೊಳ್ಳಲಾರರು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಪರೀಕ್ಷಿಸದೆ ಕೆರೆಯಬೇಡಿ, ಕೆರೆದದ್ದನ್ನು ನೀರಿಗೆ ಬಿಡಬೇಡಿ. ಬಾಚಿ ತೆಗೆದ ಕಸವನ್ನು ಮತ್ತೆ ನದಿಗೇ ತಳ್ಳುವುದಂತೂ ಬೇಡವೇ ಬೇಡ.

ಮುಂದಿನ ಮಳೆಗಾಲಕ್ಕೆ ಮುಂಚೆಯೇ, ಒಂದೊಂದು ಘಟಕವನ್ನು ಸರದಿಯಂತೆ ನಿಲ್ಲಿಸಿ ಕೆಲಸ ಮುಗಿಸುವ ವೇಳಾಪಟ್ಟಿಯನ್ನು ಪ್ರಕಟಿಸಬೇಕು. ನೀರಿನ ಹರಿವು ಬದಲಾಗುವ ದಿನಗಳಲ್ಲಿ ಮೊದಲೇ ಸೈರನ್ ಮೊಳಗಿಸಿ ತಿಳಿಸಬೇಕು. ಮೇಲೆತ್ತಿದ ಹಳೆಯ ಜಾಲರಿಗಳನ್ನು ನೋಡಲು ನಿವಾಸಿಗಳ ಪ್ರತಿನಿಧಿಗಳಿಗೆ ಅವಕಾಶ ಕೊಟ್ಟು, ಈ ಮನವಿಗೆ ಲಿಖಿತ ಉತ್ತರ ನೀಡಬೇಕೆಂದು ವಿನಂತಿಸುತ್ತೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
ನದಿದಂಡೆಯ ನಿವಾಸಿಗಳು
(ಸಹಿಗಳ ಪಟ್ಟಿ ಲಗತ್ತಿಸಿದೆ)