ಮರದ ಕ್ಯಾಮೆರಾಗಳಿಗೆ ಬಲ್ಬು ಬೇಡ, ಫಿಲಂ ಹಾಕಿ

ಮಾನ್ಯ ಸಂಪಾದಕರೇ,

ನಮ್ಮ ತುಮಕೂರು ಜಿಲ್ಲೆಯ ಹಳೆಯ ಫೋಟೊ ಸ್ಟುಡಿಯೊಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಅಲ್ಲಿದ್ದ ದೊಡ್ಡ ಮರದ ಕ್ಯಾಮೆರಾಗಳು ಹಳೇ ಸಾಮಾನಿನವರ ಕೈಗೆ ಹೋಗಿ ಅಲಂಕಾರದ ವಸ್ತುಗಳಾಗುತ್ತಿವೆ. ಈಚೆಗೆ ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ ಒಂದು ಹಾಫ್ ಪ್ಲೇಟ್ ಅಳತೆಯ ಕ್ಯಾಮೆರಾ ಕಂಡೆ. ಲೆನ್ಸ್ ಇರಬೇಕಾದ ಜಾಗದಲ್ಲಿ ಬಲ್ಬು ಕೂರಿಸಿದ್ದರು, ಬೆಲ್ಲೋಸಿಗೆ, ಅಂದರೆ ಲೆನ್ಸಿನ ಹಿಂದಿನ ಮಡಿಕೆ ಮಡಿಕೆಯ ಚೀಲಕ್ಕೆ, ಚಿನ್ನದ ಬಣ್ಣ ಬಳಿದಿದ್ದರು. ಹೊಟ್ಟೆ ಉರಿದುಹೋಯಿತು. ಆ ತೇಗದ ಚೌಕಟ್ಟಿನಲ್ಲಿ ಒಂದು ಬಿರುಕೂ ಇರಲಿಲ್ಲ. ಇನ್ನೂ ಎಷ್ಟೋ ವರ್ಷ ಕೆಲಸ ಮಾಡಬಹುದಾಗಿದ್ದ ಕ್ಯಾಮೆರಾ ಅದು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾದವಳು. ಕೆಂಪು ದೀಪದ ಕೆಳಗೆ ಫಿಲಂ ತೊಳೆಯುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಊರಿನ ಸ್ಟುಡಿಯೊವೊಂದು ಮುಚ್ಚಿದಾಗ ಅಲ್ಲಿನ ಹಾಫ್ ಪ್ಲೇಟ್ ಕ್ಯಾಮೆರಾ ಕೊಂಡೆ. ಇವತ್ತಿಗೂ ಅದರಲ್ಲೇ ಫೋಟೊ ತೆಗೆಯುತ್ತೇನೆ. ನೋಡಲು ಬರುವ ಹುಡುಗ ಹುಡುಗಿಯರಿಗೆ ಆಸೆ ಬೇಕಾದಷ್ಟಿದೆ. ಆದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಇದಕ್ಕೆ ಫಿಲಂ ಎಲ್ಲಿ ಸಿಗುತ್ತೆ ಮೇಡಂ?’ ಸ್ಟುಡಿಯೊ ಮಾಲೀಕರೂ ‘ಫಿಲಂ ಇಲ್ಲದ ಮೇಲೆ ಇಟ್ಟುಕೊಂಡು ಏನು ಮಾಡೋದು’ ಎಂದೇ ಮಾರಿಬಿಡುತ್ತಾರೆ. ಫಿಲಂ ಇದೆ ಎಂದು ಹೇಳಲಿಕ್ಕೇ ಈ ಪತ್ರ.

ಇಲ್ಫೋರ್ಡ್ ಕಂಪನಿ ಎಫ್‌ಪಿ4, ಎಚ್‌ಪಿ5 ಎಂಬ ಕಪ್ಪು–ಬಿಳುಪು ಫಿಲಮನ್ನು 4×5 ಇಂಚಿನ ಹಾಳೆಗಳಲ್ಲಿ ಈಗಲೂ ತಯಾರಿಸುತ್ತದೆ. ಅಪರೂಪದ ಅಳತೆಗಳನ್ನು ವರ್ಷಕ್ಕೊಮ್ಮೆ ವಿಶೇಷ ಬೇಡಿಕೆಯ ಮೇಲೆ ಕತ್ತರಿಸಿ ಕೊಡುತ್ತದೆ. ಆದರೆ ಅದು ಹೊರದೇಶದ ಮಾಲು, ಕಲಿಯುವವರ ಜೇಬಿಗೆ ಭಾರ. ಊಟಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲಮ್ಸ್ ಇದ್ದಾಗ ‘ಇಂದು’ ಹೆಸರಿನ ನಮ್ಮದೇ ಸರಕು ಸಿಗುತ್ತಿತ್ತು, ಆ ಕಾರ್ಖಾನೆ ಮುಚ್ಚಿತು. ಈಗ ಕಲಿಯಲು ತಕ್ಕದ್ದೆಂದರೆ ಎಕ್ಸ್‌ರೇ ಫಿಲಂ. ವೈದ್ಯಕೀಯ ಸಾಮಗ್ರಿ ಮಾರುವ ಅಂಗಡಿಯಲ್ಲಿ 8×10 ಇಂಚಿನ ಡಬ್ಬಿ ಕೇಳಿ. ಗ್ರೀನ್ ಸೆನ್ಸಿಟಿವ್, ಅಂದರೆ ಹಸಿರು ಬೆಳಕನ್ನೂ ಹಿಡಿಯುವಂಥದ್ದು, ಇದ್ದರೆ ಒಳ್ಳೆಯದು. ಒಂದು ಎಚ್ಚರಿಕೆ: ಡಿಜಿಟಲ್ ಯಂತ್ರಗಳಿಗೆ ಬರುವ ಡ್ರೈ ಫಿಲಂ ಇದಕ್ಕೆ ಆಗುವುದಿಲ್ಲ, ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಲ್ಲಿ ತೊಳೆಯುವ ವೆಟ್ ಫಿಲಮ್ಮೇ ಬೇಕು. ಹಾಫ್ ಪ್ಲೇಟ್ ಎಂದರೆ ನಾಲ್ಕೂಮುಕ್ಕಾಲು ಇಂಚಿಗೆ ಆರೂವರೆ ಇಂಚು. 8×10ರ ಒಂದು ಹಾಳೆಯಲ್ಲಿ ಸರಿಯಾಗಿ ಎರಡು ತುಂಡು ಸಿಗುತ್ತವೆ.

ಕಲಿಯುವವರಿಗೆ ಇದಕ್ಕಿಂತ ಉಪಕಾರಿ ಫಿಲಂ ನಾನು ಕಂಡಿಲ್ಲ. ಕೆಂಪು ಬೆಳಕು ಇದಕ್ಕೆ ಕಾಣುವುದಿಲ್ಲ, ಹಾಗಾಗಿ ಕತ್ತರಿಸುವುದು, ಹೋಲ್ಡರಿಗೆ (ಕ್ಯಾಮೆರಾಕ್ಕೆ ಸಿಕ್ಕಿಸುವ ಫಿಲಂ ಚೌಕಟ್ಟಿಗೆ) ತುಂಬುವುದು, ತೊಳೆಯುವುದು ಎಲ್ಲವನ್ನೂ ಗಾಢ ಕೆಂಪು ದೀಪದಡಿ ಕಣ್ಣಾರೆ ನೋಡಿಕೊಂಡು ಮಾಡಬಹುದು. ಮಾಮೂಲಿ ಫೋಟೊ ಫಿಲಮಿಗಾದರೆ ಪೂರ್ತಿ ಕತ್ತಲೆಯಲ್ಲಿ ತಡಕಾಡಬೇಕು. ಎಕ್ಸ್‌ರೇ ಕ್ಯಾಸೆಟ್ಟಿನಲ್ಲಿ ಫಿಲಮಿನ ಎರಡೂ ಬದಿಗೆ ಬೆಳಗುವ ಸ್ಕ್ರೀನುಗಳಿರುತ್ತವೆ. ಅದಕ್ಕೇ ಫಿಲಮಿಗೂ ಎರಡೂ ಮುಖದಲ್ಲಿ ಎಮಲ್ಷನ್, ಅಂದರೆ ಬೆಳಕು ಹಿಡಿಯುವ ಲೇಪ. ಯಾವ ಮುಖ ಲೆನ್ಸಿನ ಕಡೆಗೆ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದೇ ಕಾರಣಕ್ಕೆ ಎರಡೂ ಮುಖ ಬೇಗ ಗೀಚಿಹೋಗುತ್ತವೆ. ಒದ್ದೆ ಫಿಲಮಿಗೆ ಉಗುರು ತಾಗಿದರೂ ಗೆರೆ ಬೀಳುತ್ತದೆ. ಟ್ರೇಯ ತಳದಲ್ಲಿ ನಯವಾದ ಗಾಜಿನ ತುಂಡು ಹಾಕಿ, ಒಂದು ಸಲಕ್ಕೆ ಒಂದೇ ಹಾಳೆ ತೊಳೆಯಿರಿ.

ಆಸ್ಪತ್ರೆಯ ಡೆವಲಪರ್ ಮಾತ್ರ ಬೇಡ. ಮೂಳೆ, ಮಾಂಸ ಬೇರೆ ಬೇರೆಯಾಗಿ ಎದ್ದು ಕಾಣಲೆಂದು ಮಾಡಿದ ಕಟುವಾದ ದ್ರಾವಣ ಅದು, ಮುಖಗಳನ್ನು ಬರೀ ಕಪ್ಪು–ಬಿಳಿ ಮಾಡಿಬಿಡುತ್ತದೆ. ಫೋಟೊ ಫಿಲಮಿಗೆ ಬಳಸುವ ಡಿ-76 ಡೆವಲಪರಿಗೆ ಸಮ ನೀರು ಬೆರೆಸಿದರೆ ಮೃದುವಾಗಿ ಬರುತ್ತದೆ. ನಮ್ಮ ಬೇಸಿಗೆಯಲ್ಲಿ ನಲ್ಲಿ ನೀರೇ ಬಿಸಿ, ಎಮಲ್ಷನ್ ಮೆತ್ತಗಾಗುತ್ತದೆ. ಟ್ರೇಯನ್ನು ಐಸ್ ನೀರಿನ ಬೇಸಿನ್ನಿನಲ್ಲಿಟ್ಟು ದ್ರಾವಣವನ್ನು 20 ಡಿಗ್ರಿಯ ಹತ್ತಿರಕ್ಕೆ ತನ್ನಿ.

ಈ ಫಿಲಂ ಲೋಕವನ್ನು ಬೇರೆ ಥರ ನೋಡುತ್ತದೆ, ನನಗೆ ಅದೇ ಇಷ್ಟ. ನಮ್ಮ ಕೆಮ್ಮಣ್ಣು, ಹೆಂಚಿನ ಮಾಡು, ಹಣೆಯ ಕುಂಕುಮ ಕಪ್ಪಗೆ ಬರುತ್ತವೆ. ತೆಂಗಿನ ಗರಿ ಬೆಳ್ಳಗೆ ಮಿನುಗುತ್ತದೆ. ಆಕಾಶ ಖಾಲಿ ಬಿಳುಪು. ತಿಪಟೂರಿನ ತೋಟದಲ್ಲಿ ಮಧ್ಯಾಹ್ನ ತೆಗೆದ ಒಂದು ನೆಗೆಟಿವ್ ನನ್ನಲ್ಲಿದೆ. ಸುಲಿದ ಕೊಬ್ಬರಿ ಗಿಟುಕುಗಳ ರಾಶಿಯಲ್ಲಿ ಒಂದೊಂದರ ಮೇಲಿನ ನಾರಿನ ಎಳೆಯನ್ನೂ ಎಣಿಸಬಹುದು. ಚಿತ್ರ ದೊಡ್ಡದು ಮಾಡುವ ಎನ್‌ಲಾರ್ಜರ್ ಬೇಕಿಲ್ಲ, ನೆಗೆಟಿವನ್ನು ಪ್ರಿಂಟ್ ಪೇಪರಿನ ಮೇಲೆ ನೇರವಾಗಿ ಒತ್ತಿಟ್ಟು ಬೆಳಕು ಬಿಟ್ಟರೆ ಅಷ್ಟೇ ಅಳತೆಯ ಪ್ರಿಂಟ್ ಸಿಗುತ್ತದೆ.

ಇನ್ನು ಕ್ಯಾಮೆರಾ ಆರಿಸುವ ಮಾತು. ನಮ್ಮ ಕಡೆ ಬಿಲಾಯತಿ ಕ್ಯಾಮೆರಾಗಳೂ ಸಿಗುತ್ತವೆ, ಕೇರಳದ ಆಲಪ್ಪುಳದಲ್ಲಿ ತೇಗದಲ್ಲಿ ಮಾಡುತ್ತಿದ್ದ ವಾಗೀಶ್ವರಿಯೂ ಸಿಗುತ್ತದೆ. ಹೆಸರು ನೋಡಿ ಕೊಳ್ಳಬೇಡಿ. ಕತ್ತಲೆ ಕೋಣೆಗೆ ಒಯ್ದು, ಬೆಲ್ಲೋಸನ್ನು ಪೂರ್ತಿ ಎಳೆದು, ಒಳಗೆ ಟಾರ್ಚ್ ಹಿಡಿದು ಮೂಲೆ ಮಡಿಕೆಗಳನ್ನು ನೋಡಿ. ಸಣ್ಣ ತೂತುಗಳಿದ್ದರೆ ನಕ್ಷತ್ರಗಳಂತೆ ಕಾಣುತ್ತವೆ, ಕಪ್ಪು ಬಟ್ಟೆ, ಅಂಟಿನಿಂದ ಮುಚ್ಚಬಹುದು. ಹಿಂಬದಿಯಲ್ಲಿ ಚಿತ್ರ ಮೂಡುವ ಮಸುಕು ಗಾಜು, ಗ್ರೌಂಡ್ ಗ್ಲಾಸ್, ಒಡೆದಿದ್ದರೂ ಚಿಂತೆಯಿಲ್ಲ, ಗಾಜಿನಂಗಡಿಯಲ್ಲಿ ಹೊಸದು ಮಾಡಿಸಬಹುದು. ಆದರೆ ಆ ಕ್ಯಾಮೆರಾದ ಜೊತೆಗೇ ಬಂದ ಪ್ಲೇಟ್ ಹೋಲ್ಡರ್ ಇಲ್ಲದಿದ್ದರೆ ಕೊಳ್ಳುವ ಮುನ್ನ ಯೋಚಿಸಿ. ಒಂದರ ಹೋಲ್ಡರ್ ಇನ್ನೊಂದಕ್ಕೆ ಕೂರುವುದು ಅಪರೂಪ. ಹೋಲ್ಡರ್ ಹಿಂದೆ ಫಿಲಮಿನ ಬದಲು ಬಳಸುತ್ತಿದ್ದ ಗಾಜಿನ ಪ್ಲೇಟಿಗೆಂದು ಮಾಡಿದ್ದಾದ್ದರಿಂದ ತೆಳು ಫಿಲಂ ಅದರಲ್ಲಿ ಬಳುಕುತ್ತದೆ. ಗಾಜಿನಷ್ಟೇ ದಪ್ಪದ ರಟ್ಟನ್ನು ಹಿಂದೆ ಕೊಟ್ಟರೆ ಫಿಲಂ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ.

ಕರಿ ಬಟ್ಟೆಯೊಳಗೆ ತಲೆ ಹಾಕಿದಾಗ ಗಾಜಿನ ಮೇಲೆ ಎಲ್ಲವೂ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಾಣುತ್ತದೆ. ಅದು ಬೇಗ ರೂಢಿಯಾಗುತ್ತದೆ. ಎತ್ತರದ ಮರ, ಗೋಪುರ ಬೇಕಿದ್ದರೆ ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಬೇಡಿ, ಲೆನ್ಸಿನ ಹಲಗೆಯನ್ನಷ್ಟೇ ಮೇಲಕ್ಕೆ ಸರಿಸಿ. ಗೆರೆಗಳು ನೆಟ್ಟಗೆ ನಿಲ್ಲುತ್ತವೆ. ಶಟರ್ ಇಲ್ಲದ ಲೆನ್ಸಾದರೆ ಮುಚ್ಚಳವೇ ಶಟರ್. ಫಿಲಮಿನ ವೇಗ, ಅಂದರೆ ಬೆಳಕು ಹಿಡಿಯುವ ಚುರುಕು, ಐಎಸ್‌ಒ 80 ಎಂದಿಟ್ಟುಕೊಂಡರೆ, ಹಗಲಿನಲ್ಲಿ ಜಗಲಿಯ ತೆರೆದ ನೆರಳಿಗೆ ಎಫ್ 45ರಲ್ಲಿ (ಲೆನ್ಸಿನ ಕಂಡಿ ತೀರಾ ಕಿರಿದಾಗಿಟ್ಟು) ಒಂದು ಸೆಕೆಂಡಿನ ಆಸುಪಾಸು ಸಾಕು. ಹತ್ತಿರದಿಂದ ಮುಖ ತೆಗೆಯುವಾಗ ಒಂದು ಲೆಕ್ಕ ನೆನಪಿರಲಿ. 210 ಮಿ.ಮೀ. ಲೆನ್ಸಿನ ಬೆಲ್ಲೋಸನ್ನು 300 ಮಿ.ಮೀ.ಗೆ ಎಳೆದರೆ ಬೆಳಕು ಅರ್ಧಕ್ಕಿಳಿಯುತ್ತದೆ, ಸಮಯವನ್ನು ಎರಡರಷ್ಟು ಮಾಡಬೇಕು. ಸಂಜೆಯ ಕೆಂಬಣ್ಣದ ಬೆಳಕಿನಲ್ಲಿ ಬೆಳಕು ಅಳೆಯುವ ಮೀಟರ್ ಹೇಳಿದ್ದಕ್ಕಿಂತ ಹೆಚ್ಚು ಬೇಕು.

ಇದಕ್ಕೆಲ್ಲ ಬೇಕಾದ ಕೋಣೆಗಳು ನಮ್ಮಲ್ಲೇ ಇವೆ. ಎಕ್ಸ್‌ರೇ ಡಿಜಿಟಲ್ ಆದ ಮೇಲೆ ಎಷ್ಟೋ ಆಸ್ಪತ್ರೆಗಳ ಡಾರ್ಕ್‌ರೂಮುಗಳು ಹಳೇ ಕುರ್ಚಿ, ಮಂಚ ತುಂಬುವ ಗೋದಾಮುಗಳಾಗಿವೆ. ನೀರಿನ ನಲ್ಲಿ, ಬೆಳಕು ನುಗ್ಗದ ಬಾಗಿಲು, ಕೆಂಪು ದೀಪ, ಸ್ಟೀಲ್ ಹ್ಯಾಂಗರ್ ಎಲ್ಲ ಅಲ್ಲಿವೆ. ಜಿಲ್ಲೆಯಲ್ಲಿ ಅಂಥ ಒಂದನ್ನಾದರೂ ಚಿತ್ರಕಲೆ, ಪತ್ರಿಕೋದ್ಯಮ ಓದುವ ಮಕ್ಕಳಿಗೆ ವಾರಕ್ಕೊಂದು ದಿನ ಬಿಟ್ಟುಕೊಡುವಂತೆ ಸಂಬಂಧಪಟ್ಟವರನ್ನು ಕೋರುತ್ತೇನೆ. ಕಲಿಸಲು ನನ್ನಂಥ ನಿವೃತ್ತರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ನಾನಂತೂ ಸಂಬಳವಿಲ್ಲದೆ ಬರಲು ತಯಾರಿದ್ದೇನೆ.

ಸ್ಟುಡಿಯೊ ಮಾಲೀಕರಲ್ಲಿ ನನ್ನದೊಂದು ವಿನಂತಿ. ಮಾರಲೇಬೇಕಾಗಿ ಬಂದರೆ ಫಿಲಂ ಹಾಕಿ ಬಳಸುವವರಿಗೇ ಕೊಡಿ. ಲೆನ್ಸ್, ಹೋಲ್ಡರ್, ಸ್ಟ್ಯಾಂಡುಗಳನ್ನು ಬಿಡಿಬಿಡಿಯಾಗಿ ಮಾರಬೇಡಿ. ಹೋಲ್ಡರುಗಳು ಸಾಮಾನ್ಯವಾಗಿ ಕ್ಯಾಮೆರಾದ ಜೊತೆ ಇರುವುದಿಲ್ಲ, ಅಟ್ಟದ ಮೇಲಿನ ಹಳೇ ಪ್ರಿಂಟ್ ಪೇಪರಿನ ಡಬ್ಬಿಗಳ ನಡುವೆ ಒಮ್ಮೆ ಹುಡುಕಿ.

ಇಂತಿ,
ನಿವೃತ್ತ ಎಕ್ಸ್‌ರೇ ತಂತ್ರಜ್ಞೆ, ತಿಪಟೂರು